ಹೊಂಗೆಯೋ ಕಾನುಗವೋ? – ನಮ್ಮ ಬದುವಿನ ಮರದ ಚರಿತ್ರೆ



ಪ್ರತಿ ವರ್ಷ ಬೇಂದ್ರೆಯವರ ‘ಯುಗಾದಿ’ ಪದ್ಯವನ್ನು ಮಕ್ಕಳಿಗೆ ಹಾಡಿ ತೋರಿಸುವುದು ನಮ್ಮ ರೂಢಿ. 1963ರ ‘ಕುಲವಧು’ ಚಿತ್ರದಲ್ಲಿ ಎಸ್. ಜಾನಕಿಯವರು ಅದನ್ನು ಹಾಡಿದ ಮೇಲೆ ಗಡಿಯಾಚೆಯ ನಮ್ಮಂಥವರ ಮನೆಗಳಲ್ಲೂ ಹಬ್ಬದ ಬೆಳಿಗ್ಗೆ ಆ ಹಾಡು ಕೇಳದೆ ಇರುವುದಿಲ್ಲ. ಆ ಪದ್ಯದಲ್ಲಿ ಹೊಂಗೆಯ ಹೂವೂ ಬರುತ್ತದೆ, ದುಂಬಿಯೂ ಬರುತ್ತದೆ. ಒಂದು ವರ್ಷ ಪದ್ಯ ಮುಗಿಸಿ, ಸುಮ್ಮನೆ ಕೇಳಿದೆವು: “ಹೊಂಗೆ ಮರ ನೋಡಿರುವವರು ಕೈ ಎತ್ತಿ.”

ಒಂದು ಕೈಯೂ ಏಳಲಿಲ್ಲ.

ತಮಾಷೆಯೆಂದರೆ, ತರಗತಿಯ ಕಿಟಕಿಯ ಹೊರಗೆ, ಶಾಲೆಗೂ ಪಕ್ಕದ ಹೊಲಕ್ಕೂ ನಡುವಿನ ಬದುವಿನ ಮೇಲೆ, ಸಾಲಾಗಿ ನಿಂತಿದ್ದವು ಹೊಂಗೆ ಮರಗಳೇ. ಮಧ್ಯಾಹ್ನ ಮಕ್ಕಳು ಊಟದ ತಟ್ಟೆ ಹಿಡಿದು ಕೂರುವುದು ಅದರ ಕೆಳಗೆ. ನಾವು ಕಿಟಕಿಯ ಕಡೆ ಬೆರಳು ತೋರಿಸಿದಾಗ ಹಿಂದಿನ ಬೆಂಚಿನ ಹುಡುಗ ಎದ್ದು ನಿಂತು, “ಸಾರ್, ಅದು ಕಾನುಗ ಚೆಟ್ಟು ಅಲ್ವಾ?” ಎಂದ. ತರಗತಿಯೆಲ್ಲ ನಕ್ಕಿತು. ನಾವು ನಗಲಿಲ್ಲ. ಅವನ ಉತ್ತರ ತಪ್ಪಲ್ಲ. ಇಷ್ಟು ವರ್ಷ ಪದ್ಯ ಹೇಳಿಕೊಟ್ಟು ಒಂದು ಸಲವೂ ಕಿಟಕಿಯ ಹೊರಗೆ ತೋರಿಸದೆ ಇದ್ದದ್ದು ನಮ್ಮ ತಪ್ಪು.

ಆ ದಿನ ಮನಸ್ಸಿಗೆ ನಾಟಿದ ಪ್ರಶ್ನೆಯಿಂದ ಈ ಬರಹ ಹುಟ್ಟಿತು. ನಮ್ಮ ಮಡಕಶಿರಾ ಸೀಮೆಯಲ್ಲಿ ಮನೆಮಾತು ಕನ್ನಡ, ರಸ್ತೆಯ ಬೋರ್ಡು ತೆಲುಗು. ಇಂಥ ಊರಿನಲ್ಲಿ ಒಂದು ಮರದ ಹೆಸರು ಎಲ್ಲಿಂದ ಬಂತು, ಆ ಮರ ಯಾವುದಕ್ಕೆ ಉಪಯೋಗವಾಗುತ್ತಿತ್ತು, ಈಗ ಏಕೆ ಕಣ್ಮರೆಯಾಗುತ್ತಿದೆ ಎಂದು ಹುಡುಕಿದರೆ ಅದೇ ನಮ್ಮ ಚರಿತ್ರೆಯೂ ಆಗುತ್ತದೆ.

ಮೊದಲು ಗುರುತು ಹಿಡಿಯೋಣ

ಹೆಸರು ಆಮೇಲೆ, ಮೊದಲು ಮರ. ನಮ್ಮ ಮಕ್ಕಳನ್ನು ಬದುವಿಗೆ ಕರೆದುಕೊಂಡು ಹೋಗಿ ಕಲಿಸಿದ ಕ್ರಮದಲ್ಲಿಯೇ ಹೇಳುತ್ತೇವೆ.

ಎಲೆ: ಒಂದು ಕಡ್ಡಿಯಲ್ಲಿ ಎದುರುಬದುರಾಗಿ ಜೋಡಿ ಎಲೆಗಳು, ತುದಿಯಲ್ಲಿ ಒಂಟಿ ಎಲೆ. ಆದ್ದರಿಂದ ಎಣಿಸಿದರೆ ಯಾವಾಗಲೂ ಬೆಸ ಸಂಖ್ಯೆ – ಸಾಮಾನ್ಯವಾಗಿ ಐದು ಅಥವಾ ಏಳು. ಎಲೆಯ ಅಂಚು ನುಣುಪು, ಗರಗಸದ ಹಲ್ಲಿಲ್ಲ. ಮೇಲ್ಭಾಗ ಎಣ್ಣೆ ಸವರಿದ ಹಾಗೆ ಹೊಳೆಯುತ್ತದೆ. ಚಿಗುರು ತಾಮ್ರದ ಕೆಂಪು, ಆಮೇಲೆ ತಿಳಿ ಹಸಿರು, ಕೊನೆಗೆ ಕಡು ಹಸಿರು. ಬಲಿತ ಎಲೆಗಳ ಮೇಲೆ ಗುಳ್ಳೆ ಗುಳ್ಳೆಯಾಗಿ ಎದ್ದಿರುವುದನ್ನು ನೋಡಿ ಮಕ್ಕಳು “ಮರಕ್ಕೆ ಅಮ್ಮ ಬಂದಿದೆ ಸಾರ್” ಎಂದರು. ಅದು ಕಣ್ಣಿಗೆ ಕಾಣದಷ್ಟು ಚಿಕ್ಕ ನುಸಿಗಳ ಕೆಲಸ. ಮರಕ್ಕೆ ಅದರಿಂದ ದೊಡ್ಡ ಕೇಡಿಲ್ಲ. ನಮಗೆ ಮಾತ್ರ ಗುರುತಿಗೆ ಒಳ್ಳೆಯ ಸಹಾಯ.

ಹೂವು: ಅವರೆ, ತೊಗರಿಯ ಹೂವಿನ ಆಕಾರ. ಹೊಂಗೆಯೂ ಅದೇ ದ್ವಿದಳ ಬಳಗದ್ದು. ಬಿಳುಪು, ನಸುಗೆಂಪು, ತಿಳಿ ನೇರಳೆ ಬೆರೆತ ಬಣ್ಣ. ಗೊಂಚಲು ಗೊಂಚಲಾಗಿ ಬಿಟ್ಟು, ಬೆಳಗಾಗುವಷ್ಟರಲ್ಲಿ ನೆಲದ ಮೇಲೆ ಉದುರಿ ಹಾಸಿಕೊಂಡಿರುತ್ತದೆ.

ಕಾಯಿ: ಚಪ್ಪಟೆ, ದಪ್ಪ, ಒಂದು ತುದಿಯಲ್ಲಿ ಗಿಳಿಯ ಕೊಕ್ಕಿನಂಥ ಮೊನೆ. ಮಕ್ಕಳ ಅಂಗೈಯಲ್ಲಿ ಮುಚ್ಚಿಕೊಳ್ಳುವಷ್ಟು ಗಾತ್ರ. ಒಳಗೆ ಸಾಮಾನ್ಯವಾಗಿ ಒಂದೇ ಬೀಜ, ಅಪರೂಪಕ್ಕೆ ಎರಡು. ಅವರೆಕಾಯಿಯಂತೆ ಒಣಗಿದರೆ ತಾನಾಗಿ ಬಿರಿಯುವುದಿಲ್ಲ, ಕಲ್ಲಿನಿಂದ ಜಜ್ಜಿಯೇ ಬೀಜ ತೆಗೆಯಬೇಕು.

ನೆರಳು: ಇದು ಪುಸ್ತಕದಲ್ಲಿ ಸಿಗದ ಗುರುತು. ಮಾಘ, ಫಾಲ್ಗುಣದಲ್ಲಿ ಎಲೆ ಉದುರಿಸಿಕೊಂಡು ಸ್ವಲ್ಪ ದಿನ ಬೋಳಾಗಿ, ಯುಗಾದಿಯ ಹೊತ್ತಿಗೆ ಹೊಸ ಚಿಗುರು ಹೊದ್ದು ನಿಲ್ಲುತ್ತದೆ. ಬಿಸಿಲು ಏರುವ ಕಾಲಕ್ಕೆ ಸರಿಯಾಗಿ ನೆರಳು ಕೊಡುವ ಮರ. ‘ಹೊಂಗೆ ನೆರಳು, ತಾಯಿ ಮಡಿಲು’ ಎಂದು ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ.

ಇನ್ನು ಮೋಸ ಹೋಗುವ ಮರಗಳು. ಬೇವಿನ ಎಲೆ ಗರಗಸದಂಚಿನದು, ಒಂದು ಕಡ್ಡಿಗೆ ಬಹಳ ಎಲೆ. ಮುತ್ತುಗಕ್ಕೆ ಮೂರೇ ಎಲೆ. ತಪಸಿ ಮರದಲ್ಲಿ ಎಲೆಗಳು ಜೋಡಿಗಟ್ಟುವುದಿಲ್ಲ, ಒಂದೊಂದೇ ಬಿಡಿಬಿಡಿಯಾಗಿರುತ್ತವೆ, ಬೀಜಕ್ಕೆ ಕಾಗದದಂಥ ರೆಕ್ಕೆ. ಹೆಚ್ಚು ಗೊಂದಲ ಆಗುವುದು ಔಷಧಿಯ ಪುಸ್ತಕ ಓದುವವರಿಗೆ. ಸಂಸ್ಕೃತದಲ್ಲಿ ‘ಕರಂಜ’ ಎಂದರೆ ಹೊಂಗೆ, ಆದರೆ ‘ಲತಾಕರಂಜ’ ಎಂದರೆ ಬೇಲಿಯ ಮೇಲೆ ಹಬ್ಬುವ ಮುಳ್ಳಿನ ಗಜ್ಜುಗ. ಗಜ್ಜುಗದ ಕಾಯಿಗೆ ಮೈಯೆಲ್ಲ ಮುಳ್ಳು, ಬೀಜ ಗೋಲಿಯಂತೆ ಗುಂಡು. ಎರಡೂ ನಮ್ಮ ಬೇಲಿಗಳಲ್ಲೇ ಅಕ್ಕಪಕ್ಕ ಇರುತ್ತವೆ. ಒಂದರ ಬದಲು ಇನ್ನೊಂದನ್ನು ಔಷಧಿಗೆ ಬಳಸಿದರೆ ಏನಾದೀತು, ಯೋಚಿಸಿ. ಆದ್ದರಿಂದ ಗಿಡ ಗುರುತಿಸುವುದು ಬರೀ ಪರೀಕ್ಷೆಯ ಪ್ರಶ್ನೆಯಲ್ಲ.

ಹೆಸರು ನಡೆದು ಬಂದ ದಾರಿ

ಹೊಂಗೆ ಎಂದೊಡನೆ ನಮ್ಮ ಒಬ್ಬ ವಿದ್ಯಾರ್ಥಿನಿ, “ಹೊನ್ನು ಅನ್ನೋದರಿಂದ ಬಂದಿರಬೇಕು ಸಾರ್, ಚಿಗುರು ಚಿನ್ನದ ಹಾಗೆ ಇದೆಯಲ್ಲ” ಎಂದಳು. ಊಹೆ ಚೆನ್ನಾಗಿದೆ. ಆದರೆ ಅಕ್ಕಪಕ್ಕದ ಭಾಷೆಗಳನ್ನು ಕೇಳಿದರೆ ಬೇರೆ ದಾರಿ ಕಾಣುತ್ತದೆ. ತಮಿಳಿನಲ್ಲಿ ಇದು ಪುಂಗು, ಪುಂಗ ಮರಂ. ಮಲಯಾಳದಲ್ಲಿ ಪುಂಗು, ಉಂಗು. ಹಳೆಯ ಕನ್ನಡದಲ್ಲಿ ಪೊಂಗೆ. ಪಾಲು ಹಾಲಾಯಿತು, ಪೂ ಹೂವಾಯಿತು, ಪಲ್ಲು ಹಲ್ಲಾಯಿತು. ಹಾಗೆಯೇ ಪೊಂಗೆ ಹೊಂಗೆಯಾಯಿತು. ಕನ್ನಡದ ಪಕಾರ ಹಕಾರವಾದದ್ದು ಸುಮಾರು ಹತ್ತನೆಯ ಶತಮಾನದಿಂದ ಮುಂದಿನ ಕೆಲವು ನೂರು ವರ್ಷಗಳಲ್ಲಿ ಎಂದು ಭಾಷಾ ವಿದ್ವಾಂಸರು ಹೇಳುತ್ತಾರೆ.

ಇದಕ್ಕೆ ಸಾಕ್ಷಿ ಬೇಕಾದರೆ ದೂರ ಹೋಗಬೇಕಾಗಿಲ್ಲ. ನಮ್ಮ ಅಮರಾಪುರಂ ಮಂಡಲದ ಹೇಮಾವತಿ ಒಂದು ಕಾಲದಲ್ಲಿ ನೊಳಂಬ ಅರಸರ ರಾಜಧಾನಿ. ನೊಳಂಬವಾಡಿ ಮೂವತ್ತೆರಡು ಸಾವಿರ ನಾಡಿನ ಕೇಂದ್ರ. ಇವತ್ತಿಗೂ ಅಲ್ಲಿ ನೊಳಂಬರ ಶಿಲ್ಪಗಳೂ ಕನ್ನಡ ಶಾಸನಗಳೂ ಇವೆ. ಆ ಊರಿನ ಹೆಸರು ಹಳೆಯ ಶಾಸನಗಳಲ್ಲಿ ಪೆಂಜೆರು, ಅನಂತರ ಹೆಂಜೇರು. ಪೆಂಜೆರು ಹೆಂಜೇರಾದ ದಾರಿಯಲ್ಲೇ ಪೊಂಗೆ ಹೊಂಗೆಯಾಯಿತು. ನಮ್ಮ ಊರಿನ ಕಲ್ಲೂ ನಮ್ಮ ಬದುವಿನ ಮರವೂ ಕನ್ನಡದ ಒಂದೇ ಪಾಠ ಹೇಳುತ್ತಿವೆ! ಇದನ್ನು ಹೇಳಿದ ದಿನ ಹಿಂದಿನ ಬೆಂಚಿನವರೂ ಕಣ್ಣರಳಿಸಿ ಕೂತಿದ್ದರು.

ಹಾಗಾದರೆ ‘ಕಾನುಗ’? ಅದು ತೆಲುಗಿನ ಹೆಸರು. ತೆಲುಗಿನಲ್ಲಿ ‘ಗಾನುಗ’ ಎಂದೂ ಅನ್ನುತ್ತಾರೆ. ಎಣ್ಣೆ ತೆಗೆಯುವ ಗಾಣಕ್ಕೂ ತೆಲುಗಿನಲ್ಲಿ ಗಾನುಗ ಎಂದೇ ಹೆಸರು. ಹೆಸರುಗಳಿಗೆ ಸಂಬಂಧ ಏನೇ ಇರಲಿ, ಮರಕ್ಕೂ ಗಾಣಕ್ಕೂ ಇದ್ದ ನಂಟು ಮಾತ್ರ ಹಳ್ಳಿಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದು. ಸೊಲ್ಲಾಪುರ, ಜತ್ತ, ಅಕ್ಕಲಕೋಟೆಯ ನಮ್ಮ ಬಂಧುಗಳ ಮಕ್ಕಳು ಇದೇ ಮರವನ್ನು ಮರಾಠಿಯಲ್ಲಿ ಕರಂಜ ಎಂದು ಕೇಳುತ್ತಾರೆ. ಹೊಸೂರು, ತಾಳವಾಡಿಯ ಮಕ್ಕಳಿಗೆ ಪುಂಗ ಮರಂ. ಕಾಸರಗೋಡಿನವರಿಗೆ ಉಂಗು. ಗಡಿಯ ಸುತ್ತ ಒಂದು ಸುತ್ತು ಹಾಕಿದರೆ ಒಂದೇ ಮರ ನಾಲ್ಕು ಹೆಸರಿನಲ್ಲಿ ಎದುರಾಗುತ್ತದೆ.

ವಿಜ್ಞಾನಿಗಳು ಬಳಸುವ ಹೆಸರೂ ನಮ್ಮ ಕಡೆಯಿಂದಲೇ ಹೋದದ್ದು ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಕೊಚ್ಚಿಯಲ್ಲಿ ಡಚ್ಚರ ಅಧಿಕಾರಿಯಾಗಿದ್ದ ವಾನ್ ರೀಡ್ ಎಂಬಾತ ಮಲಬಾರಿನ ಗಿಡಮರಗಳ ಬಗ್ಗೆ ‘ಹಾರ್ಟಸ್ ಮಲಬಾರಿಕಸ್’ ಎಂಬ ದೊಡ್ಡ ಗ್ರಂಥ ಮಾಡಿಸಿದ. 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಾಗಿ ಆಂಸ್ಟರ್‌ಡ್ಯಾಮಿನಲ್ಲಿ ಅಚ್ಚಾಯಿತು. ಇಟ್ಟಿ ಅಚ್ಯುತನ್ ಎಂಬ ಈಳವ ವೈದ್ಯರೂ, ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಕೊಂಕಣಿ ಪಂಡಿತರೂ ಅದಕ್ಕೆ ಮಾಹಿತಿ ಒದಗಿಸಿದರು. ಅದರಲ್ಲಿ ಈ ಮರದ ಹೆಸರು ‘ಪೊಂಗಂ’. ಅದರಿಂದಲೇ ಮುಂದೆ ‘ಪೊಂಗಾಮಿಯಾ’ ಎಂಬ ಕುಲದ ಹೆಸರು ಬಂತು. ಇಂದಿನ ಪೂರ್ಣ ಹೆಸರು ಪೊಂಗಾಮಿಯಾ ಪಿನ್ನಾಟಾ. ಪಿನ್ನಾಟಾ ಎಂದರೆ ಹಕ್ಕಿಯ ಗರಿಯಂತೆ ಎಲೆ ಜೋಡಿಸಿಕೊಂಡದ್ದು. ನಡುವೆ ವಿಜ್ಞಾನಿಗಳು ಇದನ್ನು ಪೊಂಗಾಮಿಯಾ ಗ್ಲಾಬ್ರಾ, ಡೆರಿಸ್ ಇಂಡಿಕಾ, ಮಿಲ್ಲೆಟಿಯಾ ಪಿನ್ನಾಟಾ ಎಂದೆಲ್ಲ ಕರೆದರು. ಅವರೇ ಇಷ್ಟು ಸಲ ಹೆಸರು ಬದಲಿಸಿರುವಾಗ ನಮ್ಮ ಹುಡುಗ ಕಾನುಗ ಎಂದರೆ ನಗುವುದೇಕೆ?

ಮರ ನಿಂತಲ್ಲೇ, ಗಡಿ ನಡೆದದ್ದು

ಹೊಂಗೆ ಮರ ದೀರ್ಘಾಯುಷಿ. ನಮ್ಮ ಬದುಗಳ ಮುದಿ ಮರಗಳನ್ನು ಯಾರು ನೆಟ್ಟರೋ ಈಗ ಬದುಕಿರುವವರಿಗೆ ತಿಳಿಯದು. ಈ ನೆಲದ ಯಜಮಾನರು ಮಾತ್ರ ಬದಲಾಗುತ್ತ ಬಂದರು. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಈ ಸೀಮೆ ನಿಜಾಮನ ಪಾಲಿಗೆ ಹೋಯಿತು. 1800ರಲ್ಲಿ ನಿಜಾಮ ಅದನ್ನು ಕಂಪನಿಗೆ ಬಿಟ್ಟುಕೊಟ್ಟ. ಬಳ್ಳಾರಿ ಜಿಲ್ಲೆಯ ಭಾಗವಾಗಿದ್ದದ್ದು 1882ರಲ್ಲಿ ಅನಂತಪುರ ಜಿಲ್ಲೆಯಾಯಿತು. 1953ರಲ್ಲಿ ಆಂಧ್ರ ರಾಜ್ಯ, 1956ರಲ್ಲಿ ಆಂಧ್ರ ಪ್ರದೇಶ. 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆ. ಬದುವಿನ ಮರ ಒಂದು ಗೇಣೂ ಕದಲಲಿಲ್ಲ.

ನಮ್ಮ ಶಾಲೆಯ ಪಕ್ಕದ ಹೊಲದ ಹಿರಿಯರೊಬ್ಬರಿಗೆ ಈ ಹೆಸರಿನ ಜಗಳ ಹೇಳಿದೆವು. ಅವರು ತಲೆಯ ಟವಲು ಬಿಚ್ಚಿ ಮರದ ಬುಡದಲ್ಲಿ ಹಾಸುತ್ತ, “ಹೊಂಗೆ ಅಂದ್ರೇನು, ಕಾನುಗ ಅಂದ್ರೇನು ಮೇಷ್ಟ್ರೆ, ಬನ್ನಿ ಕೂತ್ಕಳ್ಳಿ, ನೆರಳು ಒಂದೇ ಅಲ್ವಾ” ಎಂದರು. ನಾವು ಪುಟಗಟ್ಟಲೆ ಬರೆದದ್ದನ್ನು ಅವರು ಒಂದು ಮಾತಿನಲ್ಲಿ ಮುಗಿಸಿದರು.

ಹೊಂಗೆಣ್ಣೆಯ ಬೆಳಕು

ಹೊಂಗೆಯ ಮುಖ್ಯ ಉಪಯೋಗ ದೀಪದ ಎಣ್ಣೆ. ಇದು ತಿನ್ನುವ ಎಣ್ಣೆಯಲ್ಲ. ಕಹಿ, ಕಟು ವಾಸನೆ, ಹೊಟ್ಟೆಗೆ ಹೋದರೆ ಅಪಾಯ. ಆದ್ದರಿಂದಲೇ ಬಡವರ ದೀಪಕ್ಕೆ ಉಳಿಯಿತು. ಹಳೆಯ ಶಾಸನಗಳಲ್ಲಿ ದೇವಸ್ಥಾನದ ನಂದಾದೀವಿಗೆಗೆ ಎಣ್ಣೆ ಬಿಟ್ಟದ್ದೂ, ಗಾಣದ ಮೇಲಿನ ತೆರಿಗೆಯಾದ ಗಾಣದೆರೆಯೂ ಬರುತ್ತವೆ. ನಮ್ಮ ಕಡೆ ಹಿರಿಯರು ಹೇಳುತ್ತಿದ್ದದ್ದು: ದೇವರ ಮುಂದೆ ಎಳ್ಳೆಣ್ಣೆ, ಅಡುಗೆ ಮನೆಯ ಗೂಡಿನಲ್ಲಿ ಹೊಂಗೆಣ್ಣೆ.

1800ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಕಂಪನಿ ಸರ್ಕಾರ ಮೈಸೂರು, ಕೆನರಾ, ಮಲಬಾರು ಸೀಮೆಗಳನ್ನು ನೋಡಿ ವರದಿ ಮಾಡಲು ಕಳಿಸಿತು. ಅವನ ಪ್ರವಾಸದ ಪುಸ್ತಕ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟವಾಗಿ ಅಚ್ಚಾಯಿತು. ಗಾಣಿಗರು ಯಾವ ಯಾವ ಬೀಜದಿಂದ ಎಣ್ಣೆ ತೆಗೆಯುತ್ತಾರೆಂದು ಅವನು ವಿಚಾರಿಸಿ ಬರೆದುಕೊಂಡ. ಎಳ್ಳು, ಹರಳು, ಹುಚ್ಚೆಳ್ಳಿನ ಜೊತೆ ಹೊಂಗೆಯೂ ಅಲ್ಲಿದೆ. ಅದೂ ನಮ್ಮ ರೈತರ ಬಾಯಲ್ಲಿ ಕೇಳಿದ ಹೆಸರನ್ನೇ ಇಂಗ್ಲಿಷ್ ಅಕ್ಷರದಲ್ಲಿ ಮೂಡಿಸಿದ್ದಾನೆ.

ಎಣ್ಣೆ ತೆಗೆಯುವ ಕೆಲಸ ಸುಲಭದ್ದಲ್ಲ. ಬೇಸಿಗೆಯಲ್ಲಿ ಹೊಲದ ಕೆಲಸ ಇಲ್ಲದಾಗ ಹೆಂಗಸರು, ಮಕ್ಕಳು ಬದುಗಳ ಕೆಳಗೆ ಕಾಯಿ ಆರಿಸುತ್ತಿದ್ದರು. ಒಣಗಿಸಿ, ಕಲ್ಲಿನ ಮೇಲಿಟ್ಟು ಜಜ್ಜಿ, ಬೀಜ ಬಿಡಿಸಿ ಗಾಣಕ್ಕೆ ಹಾಕಿಸುತ್ತಿದ್ದರು. ಬೀಜದಲ್ಲಿ ಎಣ್ಣೆ ಶೇಕಡಾ 27ರಿಂದ 39ರವರೆಗೆ ಇದ್ದರೂ ಅದೆಲ್ಲ ಗಾಣದಲ್ಲಿ ಇಳಿಯುವುದಿಲ್ಲ. ಸುಮಾರು ನಾಲ್ಕು ಕೆ.ಜಿ. ಬೀಜಕ್ಕೆ ಒಂದು ಕೆ.ಜಿ. ಎಣ್ಣೆ ಸಿಕ್ಕರೆ ಲಾಭವೇ. ಒಂದು ಹಣತೆ ಎಣ್ಣೆಯ ಹಿಂದೆ ಎಷ್ಟು ಬೆರಳು ಜಜ್ಜಿಹೋಗಿರಬೇಕು!

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಈ ಲೆಕ್ಕ ತಲೆಕೆಳಗಾಯಿತು. ಅಮೆರಿಕದಿಂದ, ರಷ್ಯದ ಬಾಕುವಿನಿಂದ, ಬರ್ಮಾದಿಂದ ಡಬ್ಬಗಳಲ್ಲಿ ಹೊಸ ಎಣ್ಣೆ ಬಂತು. ಅದು ‘ಸೀಮೆಎಣ್ಣೆ’. ಸೀಮೆ ಎಂಬ ಮಾತನ್ನು ನೋಡಿ. ಅದಕ್ಕೆ ನಾಡು ಎಂದೂ ಅರ್ಥ, ಗಡಿ ಎಂದೂ ಅರ್ಥ, ಸೀಮೆಸುಣ್ಣ, ಸೀಮೆಹಸು ಎಂದಾಗ ಪರದೇಶದ್ದು ಎಂದೂ ಅರ್ಥ. ಗಡಿಯಾಚೆಯಿಂದ ಬಂದ ಎಣ್ಣೆ ನಮ್ಮ ಬದುವಿನ ಎಣ್ಣೆಯನ್ನು ಮನೆಯಿಂದ ಹೊರಗೆ ಹಾಕಿತು. ಬೆಳಕು ಹೆಚ್ಚು, ಜಜ್ಜುವ ಕೆಲಸ ಇಲ್ಲ. ನಮ್ಮ ಅಜ್ಜಿಯರು ಬುಡ್ಡಿ ದೀಪಕ್ಕೆ ಒಲಿದರೆ ಅವರನ್ನು ದೂರುವ ಹಾಗಿಲ್ಲ.

ಆದರೂ ಹೊಂಗೆ ಒಂದು ಸಲ ಮರಳಿ ಬಂತು. ಎರಡನೆಯ ಮಹಾಯುದ್ಧದಲ್ಲಿ, 1942ರಲ್ಲಿ, ಜಪಾನಿನ ಸೈನ್ಯ ಬರ್ಮಾ ಹಿಡಿಯಿತು. ಅಲ್ಲಿಂದ ಬರುತ್ತಿದ್ದ ಎಣ್ಣೆ ನಿಂತುಹೋಯಿತು. ಸೀಮೆಎಣ್ಣೆಗೆ ಬರ ಬಂತು. ಆಗ ಅಟ್ಟದ ಮೇಲೆ ಇಟ್ಟಿದ್ದ ಹಣತೆಗಳನ್ನು ಇಳಿಸಿ, ಹೊಂಗೆಣ್ಣೆ ಹಾಕಿ ಓದಿದೆವೆಂದು ಹೇಳುವ ಹಿರಿಯರನ್ನು ನಾವು ಚಿಕ್ಕಂದಿನಲ್ಲಿ ಕಂಡಿದ್ದೇವೆ. ಹೊಗೆಗೆ ಮೂಗಿನ ಹೊಳ್ಳೆಯೆಲ್ಲ ಕಪ್ಪಾಗುತ್ತಿತ್ತಂತೆ. ಬೆಳಿಗ್ಗೆ ಶಾಲೆಗೆ ಹೋದರೆ, ಯಾರು ರಾತ್ರಿ ಪಾಠ ಓದಿದ್ದಾರೆ ಎಂದು ಮೇಷ್ಟರಿಗೆ ಮೂಗು ನೋಡಿದರೇ ತಿಳಿಯುತ್ತಿತ್ತಂತೆ!

ಸೊಪ್ಪು, ಹಿಂಡಿ, ಮದ್ದು

ದೀಪ ಹೋದರೂ ಹೊಲದಲ್ಲಿ ಹೊಂಗೆಯ ಕೆಲಸ ಮುಗಿಯಲಿಲ್ಲ. ಕೆರೆಯ ಕೆಳಗಿನ ಗದ್ದೆಗಳಿಗೆ ನಾಟಿಗೆ ಮುಂಚೆ ಹೊಂಗೆ ಸೊಪ್ಪು ಕಡಿದು ತಂದು ಕೆಸರಿನಲ್ಲಿ ತುಳಿಯುತ್ತಿದ್ದರು. ಕೊಂಬೆ ಕಡಿದಷ್ಟೂ ಮತ್ತೆ ಚಿಗುರುವ ಗುಣ ಇದಕ್ಕಿದೆ. ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕವನ್ನು ಹಿಡಿದಿಡುವ ಬ್ಯಾಕ್ಟೀರಿಯಾ ಇವೆ. ಬದುವಿನಲ್ಲಿ ನಿಂತು ಮಣ್ಣು ಕೊಚ್ಚಿಹೋಗದಂತೆ ಬೇರಿನಿಂದ ಹಿಡಿಯುತ್ತದೆ, ಎಲೆ ಉದುರಿಸಿ ಗೊಬ್ಬರ ಕೊಡುತ್ತದೆ. ದನ ಕುರಿಗಳು ಸಾಮಾನ್ಯವಾಗಿ ಇದರ ಎಲೆಗೆ ಬಾಯಿ ಹಾಕುವುದಿಲ್ಲ. ಬದುವಿನ ಮೇಲೆ ಕಾವಲಿಲ್ಲದೆ ಬೆಳೆಯಲು ಇದಕ್ಕಿಂತ ಒಳ್ಳೆಯ ಗುಣ ಬೇಕೆ?

ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿ ದನಕ್ಕೆ ಹಾಕುವಂಥದ್ದಲ್ಲ, ಆದರೆ ಬೆಳೆಗೆ ಬಂಗಾರ. ಅದರಲ್ಲಿ ಶೇಕಡಾ 4ರಷ್ಟು ಸಾರಜನಕ ಇದೆ. ಅಗಳಿ, ಅಮರಾಪುರದ ಕಡೆಯ ಅಡಿಕೆ ತೋಟದವರಿಗೂ ಹಿಪ್ಪುನೇರಳೆ ಬೆಳೆಯುವವರಿಗೂ ಇದರ ಬೆಲೆ ಗೊತ್ತು. ಹಿಂಡಿ ಹಾಕಿದರೆ ಗೊಬ್ಬರ ನಿಧಾನವಾಗಿ ಹತ್ತುತ್ತದೆ, ಗೆದ್ದಲು ಕಡಿಮೆ ಎಂದು ಹಿರಿಯರು ಅನುಭವದಿಂದ ಹೇಳುತ್ತಿದ್ದರು. ಹೊಂಗೆ ಬೀಜದಲ್ಲಿರುವ ‘ಕರಂಜಿನ್’ ಎಂಬ ವಸ್ತು ಮಣ್ಣಿನಲ್ಲಿ ಸಾರಜನಕ ನೈಟ್ರೇಟಾಗಿ ಮಾರ್ಪಡುವುದನ್ನು ನಿಧಾನ ಮಾಡುತ್ತದೆ, ಕೀಟಗಳನ್ನೂ ದೂರ ಇಡುತ್ತದೆ ಎಂದು ವಿಜ್ಞಾನ ಅನಂತರ ಕಂಡುಕೊಂಡಿತು. ಕರಂಜಿನ್ ಎಂಬ ಹೆಸರು ಬಂದದ್ದು ಕರಂಜದಿಂದಲೇ.

ಮದ್ದಿನ ವಿಷಯಕ್ಕೆ ಬಂದರೆ, ಕಜ್ಜಿ ತುರಿಕೆಗೆ ಹೊಂಗೆಣ್ಣೆ ಸವರುವುದು, ಎತ್ತಿನ ಹೆಗಲ ಹುಣ್ಣಿಗೆ ಹಚ್ಚುವುದು, ಎಳೆಯ ಕಡ್ಡಿಯಿಂದ ಹಲ್ಲುಜ್ಜುವುದು ಹಳ್ಳಿಯಲ್ಲಿ ರೂಢಿ. ಧಾನ್ಯದ ಮೂಟೆಗಳ ನಡುವೆ ಒಣಗಿದ ಎಲೆ ಇಡುವವರೂ ಇದ್ದರು. ಮಕ್ಕಳಿಗೆ ಒಂದು ಮಾತು: ಬೀಜವನ್ನಾಗಲಿ ಎಣ್ಣೆಯನ್ನಾಗಲಿ ಬಾಯಿಗೆ ಹಾಕಬಾರದು. ಮೈಗೆ ಹಚ್ಚುವ ಮುಂಚೆಯೂ ದೊಡ್ಡವರನ್ನು, ವೈದ್ಯರನ್ನು ಕೇಳಬೇಕು. ಕೆಲವು ಕಡೆ ಇದರ ಬೀಜ ಅರೆದು ಹೊಂಡಕ್ಕೆ ಹಾಕಿ ಮೀನು ಹಿಡಿಯುತ್ತಿದ್ದರು. ಇಷ್ಟು ಹೇಳಿದರೆ ಅದರ ಶಕ್ತಿ ಅರ್ಥವಾದೀತು.

ಮತ್ತೊಮ್ಮೆ ಬಂದ ಆಸೆ

2000ದ ದಶಕದಲ್ಲಿ ಹೊಂಗೆಗೆ ಇನ್ನೊಂದು ಕಾಲ ಬಂತು. ಈ ಸಲ ಹಣತೆಗಲ್ಲ, ಡೀಸೆಲ್ ಎಂಜಿನ್ನಿಗೆ. ಆಗ ಆಂಧ್ರ ಪ್ರದೇಶದಲ್ಲಿದ್ದ ಆದಿಲಾಬಾದ್ ಜಿಲ್ಲೆಯ ಪವರ್‌ಗುಡ ಎಂಬ ಗೊಂಡರ ಹಳ್ಳಿಯ ಹೆಂಗಸರು ಹೊಂಗೆ ಬೀಜದ ಎಣ್ಣೆ ತೆಗೆಯುವ ಕೆಲಸಕ್ಕೆ ಕೈಹಾಕಿದರು. ಡೀಸೆಲ್ ಬದಲು ಆ ಎಣ್ಣೆ ಬಳಸಿ 147 ಟನ್ ಇಂಗಾಲದ ಡೈ ಆಕ್ಸೈಡ್ ತಪ್ಪಿಸುವುದರ ಲೆಕ್ಕಕ್ಕೆ 2003ರಲ್ಲಿ ವಿಶ್ವಬ್ಯಾಂಕಿನಿಂದ ಅವರಿಗೆ 645 ಡಾಲರ್ ಬಂತು. ಬದುವಿನ ಮರದ ಹೆಸರು ವಾಷಿಂಗ್ಟನ್ನಿನವರೆಗೆ ಹೋಯಿತು.

ಅದೇ 2003ರಲ್ಲಿ ಕೇಂದ್ರದ ಯೋಜನಾ ಆಯೋಗ ಜೈವಿಕ ಇಂಧನದ ವರದಿ ತಂದಿತು. ಅದರ ಒತ್ತು ಹೊರಗಿನಿಂದ ಬಂದ ಜಟ್ರೋಫಾ ಗಿಡದ ಮೇಲೆ. 2009ರ ರಾಷ್ಟ್ರೀಯ ನೀತಿ 2017ರ ಹೊತ್ತಿಗೆ ಶೇಕಡಾ 20ರಷ್ಟು ಜೈವಿಕ ಇಂಧನ ಬೆರೆಸುವ ಗುರಿ ಇಟ್ಟಿತು. ಕರ್ನಾಟಕವೂ 2009ರಲ್ಲಿ ತನ್ನದೇ ನೀತಿ ಮಾಡಿ, ‘ಹಸಿರು ಹೊನ್ನು’, ‘ಬರಡು ಬಂಗಾರ’ ಎಂಬ ಹೆಸರಿನಲ್ಲಿ ಹೊಂಗೆ, ಬೇವು, ಹಿಪ್ಪೆಯಂಥ ಮರಗಳನ್ನು ಬದುಗಳಲ್ಲಿ ನೆಡಲು ಪ್ರೋತ್ಸಾಹ ಕೊಟ್ಟಿತು.

ಆದರೆ ಡೀಸೆಲ್‌ನ ಗುರಿ ಈಡೇರಲಿಲ್ಲ. ಕಾರಣ ನಮ್ಮ ಅಜ್ಜಿಯರಿಗೆ ಗೊತ್ತಿದ್ದದ್ದೇ. ಬೀಜದಿಂದ ಬೆಳೆಸಿದ ಹೊಂಗೆ ಕಾಯಿ ಬಿಡಲು ನಾಲ್ಕೈದು ವರ್ಷವಾದರೂ ಬೇಕು. ಒಂದು ಮರ ವರ್ಷಕ್ಕೆ 9 ಕೆ.ಜಿ. ಕಾಯಿ ಕೊಟ್ಟರೆ ಇನ್ನೊಂದು 90 ಕೆ.ಜಿ. ಕೊಡುತ್ತದೆ, ಯಾವುದು ಹೇಗೆಂದು ಮೊದಲೇ ಹೇಳಲಾಗದು. ಆರಿಸುವ, ಜಜ್ಜುವ ಕೂಲಿ ಬೀಜದ ಬೆಲೆಗೆ ಗಿಟ್ಟುವುದಿಲ್ಲ. ಹೊಂಗೆ ಬೇರೆ ಬೆಳೆಯ ಅಂಚಿನಲ್ಲಿ ನಿಂತು ಹತ್ತು ಬಗೆಯಲ್ಲಿ ಸ್ವಲ್ಪ ಸ್ವಲ್ಪ ಕೊಡುವ ಮರ. ಅದನ್ನು ಒಂದೇ ಕೆಲಸಕ್ಕೆ ಹೂಡಿ ಎಲ್ಲವನ್ನೂ ಒಟ್ಟಿಗೆ ಕೊಡು ಎಂದರೆ ಸೋಲುವುದು ಮರವಲ್ಲ, ಲೆಕ್ಕ ಹಾಕಿದವರು.

ಬರಿದಾಗುತ್ತಿರುವ ಬದು

ಇಂದು ನಮ್ಮ ಬದುಗಳಿಗೆ ಬಂದಿರುವ ಕಷ್ಟ ಬೇರೆ. ಟ್ರಾಕ್ಟರು ತಿರುಗಲು ಜಾಗ ಬೇಕೆಂದು ಬದು ಕಿರಿದಾಗುತ್ತಿದೆ. ಅಣ್ಣತಮ್ಮಂದಿರ ಪಾಲಾದಾಗ ಬದುವಿನ ಮರ ಯಾರದೆಂಬ ಜಗಳಕ್ಕೆ ಮರವನ್ನೇ ಕಡಿದು ಇಟ್ಟಿಗೆ ಗೂಡಿಗೆ ಮಾರುವುದು ಸುಲಭವಾಗಿದೆ. ಬೇಲಿಯ ಜಾಗದಲ್ಲಿ ಕಲ್ಲುಕಂಬ, ಮುಳ್ಳುತಂತಿ. ರಸ್ತೆ ಅಗಲ ಮಾಡಿದಾಗ ಸಾಲುಮರಗಳೂ ಹೋದವು.

ನಮ್ಮ ಶಾಲೆಯ ಪಕ್ಕದ ಸಾಲಿನಲ್ಲೇ ಎರಡು ಮರಗಳು ಒಂದು ಬೇಸಿಗೆ ರಜೆಯಲ್ಲಿ ಹೋಗಿಬಿಟ್ಟವು. ಶಾಲೆ ತೆರೆದ ದಿನ ಮಕ್ಕಳು ಎಂದಿನಂತೆ ತಟ್ಟೆ ಹಿಡಿದು ಅಲ್ಲಿಗೆ ಓಡಿ, ಬಿಸಿಲಿನಲ್ಲಿ ನಿಂತುಬಿಟ್ಟರು. ಒಬ್ಬಳು ಚಿಕ್ಕವಳು ಬುಡದ ಮೇಲೆ ಹೋಗಿ ಕೂತಳು. ಆ ಹೊಲದವರ ಮೇಲೆ ಸಿಟ್ಟು ಮಾಡಿಕೊಳ್ಳಲು ನಮಗೆ ಆಗಲಿಲ್ಲ. ಅವರಿಗೂ ಸಾಲ, ಮಗಳ ಮದುವೆ. ಮರದ ಬೆಲೆ ಅವರಿಗೆ ಗೊತ್ತಿರಲಿಲ್ಲ ಎಂದಲ್ಲ, ಆ ಬೆಲೆಯನ್ನು ಕೊಡುವವರು ಯಾರೂ ಇರಲಿಲ್ಲ.

ಅಂದಿನಿಂದ ನಾವು ಮಾಡುತ್ತಿರುವುದು ಸಣ್ಣ ಕೆಲಸ. ಪ್ರತಿ ವರ್ಷ ಬೇಸಿಗೆಯ ರಜೆಗೆ ಮುಂಚೆ ಮಕ್ಕಳು ಕಾಯಿ ಆರಿಸುತ್ತಾರೆ. ಬೀಜ ಬಿಡಿಸಿ, ನೀರಿನಲ್ಲಿ ನೆನೆಸಿ, ಹಾಲಿನ ಖಾಲಿ ಪ್ಯಾಕೆಟ್ಟುಗಳಲ್ಲಿ ಮಣ್ಣು ತುಂಬಿ ಊರುತ್ತಾರೆ. ತಾಜಾ ಬೀಜ ಬೇಗ ಮೊಳೆಯುತ್ತದೆ. ಮಳೆ ಬಿದ್ದ ಮೇಲೆ ಒಬ್ಬೊಬ್ಬರು ಒಂದೊಂದು ಸಸಿಯನ್ನು ಮನೆಗೆ ಒಯ್ದು, ಅಪ್ಪನನ್ನೋ ತಾತನನ್ನೋ ಕೇಳಿ ಬದುವಿನಲ್ಲಿ ನೆಡಬೇಕು. ಜೊತೆಗೆ ಒಂದು ನೋಟ್‌ಬುಕ್ಕು: ಮನೆಯ ಹಿರಿಯರು ಈ ಮರಕ್ಕೆ ಏನೆನ್ನುತ್ತಾರೆ, ಯಾವುದಕ್ಕೆ ಬಳಸುತ್ತಿದ್ದರು ಎಂದು ಕೇಳಿ ಬರೆಯಬೇಕು. ಒಂದು ಪುಟದಲ್ಲಿ ಹೊಂಗೆ, ಎದುರು ಪುಟದಲ್ಲಿ ಕಾನುಗ. ಸಸಿಗಳಲ್ಲಿ ಎಲ್ಲವೂ ಬದುಕುವುದಿಲ್ಲ. ಬದುಕಿದವು ಮೊಣಕಾಲೆತ್ತರ ಬಂದಿವೆ.

ನಮ್ಮಂಥ ಶಾಲೆಗಳ ಬಗ್ಗೆ ಜನ ಕೇಳುವ ಪ್ರಶ್ನೆ ಒಂದೇ: ಇಲ್ಲಿ ಕನ್ನಡ ಓದಿ ಏನು ಪ್ರಯೋಜನ? ಪ್ರತಿ ಜೂನ್‌ನಲ್ಲಿ ಹಾಜರಿ ಪುಸ್ತಕ ತೆರೆದಾಗ ಆ ಪ್ರಶ್ನೆ ನಮ್ಮನ್ನೂ ಕುಟುಕುತ್ತದೆ. ನಮ್ಮಲ್ಲಿ ದೊಡ್ಡ ಉತ್ತರವಿಲ್ಲ. ಹಿಂದಿನ ಬೆಂಚಿನ ಆ ಹುಡುಗ ಕಾನುಗ ಎಂಬ ಹೆಸರನ್ನು ಮರೆಯಬೇಕಾಗಿಲ್ಲ. ಅದು ಅವನ ರಾಜ್ಯದ ಮಾತು, ಅವನ ಗೆಳೆಯರ ಮಾತು. ಆದರೆ ಹೊಂಗೆ ಎಂಬ ಹೆಸರೂ ತಿಳಿದರೆ ಅವನಿಗೆ ಬೇಂದ್ರೆಯವರ ಪದ್ಯ ತೆರೆಯುತ್ತದೆ, ಹೆಂಜೇರಿನ ಕಲ್ಲು ತೆರೆಯುತ್ತದೆ, ಅವನ ಮುತ್ತಜ್ಜಿಯ ಹಣತೆ ಬೆಳಗುತ್ತದೆ. ಎರಡು ಹೆಸರು ಗೊತ್ತಿರುವವನಿಗೆ ನಷ್ಟವಿಲ್ಲ. ಯಾವ ಹೆಸರೂ ತಿಳಿಯದೆ ‘ಯಾವುದೋ ಮರ’ ಎನ್ನುವ ದಿನ ಬಂದರೆ ಅದು ನಷ್ಟ. ಹೆಸರಿಲ್ಲದ ಮರವನ್ನು ಕಡಿಯಲು ಯಾರಿಗೂ ಕೈ ನಡುಗುವುದಿಲ್ಲ.

ಬರುವ ಯುಗಾದಿಗೆ ನಿಮ್ಮ ಮಕ್ಕಳನ್ನೂ ಬದುವಿನ ಕಡೆ ಕರೆದುಕೊಂಡು ಹೋಗಿ. ಎಲೆ ಎಣಿಸಿ, ಕಾಯಿ ಜಜ್ಜಿ ನೋಡಿ, ಹಿರಿಯರನ್ನು ಕೇಳಿ. ಜತ್ತದಲ್ಲಿ, ತಾಳವಾಡಿಯಲ್ಲಿ, ಕಾಸರಗೋಡಿನಲ್ಲಿ ನಿಮ್ಮ ಶಾಲೆಯ ಕಿಟಕಿಯ ಹೊರಗೂ ಇದೇ ಮರ ಬೇರೆ ಹೆಸರಿನಲ್ಲಿ ನಿಂತಿರಬಹುದು.